‘ಊಟ ಆಯ್ತಾ’ ಚನ್ನವೀರಪ್ಪ

ತೂಕ ಇಳಿಸಲೆಂದು ಹೊಟ್ಟೆಯ ಆಪರೇಷನ್ ಮಾಡಿಸಿಕೊಂಡ ಮೇಲೆ, ದೆಹಲಿಯ ಪೀತಮ್‌ಪುರದ ಚನ್ನವೀರಪ್ಪನವರು ಊಟದ ಹೊತ್ತಿನಲ್ಲಿ ಒಂದು ಕಡೆ ಕೂತಿದ್ದನ್ನು ಕಂಡವರಿಲ್ಲ. ನೂರಾ ನಲವತ್ತು ಕಿಲೋ ಇದ್ದಾಗ ಸೋಫಾ ಬಿಟ್ಟು ಏಳದಿದ್ದ ಈ ಸರ್ಕಾರಿ ಗುಮಾಸ್ತರು, ಈಗ ನಾಲ್ಕು ಚಮಚ ಗಂಜಿ ಕುಡಿದು, ಜಾರುವ ಪ್ಯಾಂಟನ್ನು ಒಂದು ಕೈಯಲ್ಲಿ ಹಿಡಿದುಕೊಂಡು ಮನೆಯೆಲ್ಲಾ ತಿರುಗುತ್ತಾರೆ. ಫ್ರಿಜ್ ತೆಗೆದು ಸುಮ್ಮನೆ ನೋಡಿ ಮುಚ್ಚುತ್ತಾರೆ. ತಮಗೆ ದಕ್ಕದ ಒಗ್ಗರಣೆಗೆ, "ಸಾಸಿವೆ ಇನ್ನೂ ಸಿಡೀಲಿ ಕಣೇ" ಎಂದು ಹೆಂಡತಿ ಸರ್ವಮಂಗಳಾಗೆ ಹುಕುಂ ಮಾಡುತ್ತಾರೆ. ಫೋನಿನ ವೈರು ಎಟುಕುವಷ್ಟು ದೂರ ಶತಪಥ ಹಾಕುತ್ತಾ ದೆಹಲಿಯ ಕನ್ನಡದವರನ್ನೆಲ್ಲ, "ಊಟ ಆಯ್ತಾ? ಏನಡುಗೆ? ಹುಳಿಗೆ ಏನು ಹಾಕಿದ್ರಿ?" ಎಂದು ವಿಚಾರಿಸುತ್ತಾರೆ. ಅನ್ನ ತಿನ್ನಲಾರದ ಬಾಯಿ ಈಗ ಜನರ ತಲೆ ತಿನ್ನುತ್ತಿದೆ. ಆದರೆ ಯಾರೂ ಅವರನ್ನು ತಿರುಗಿ ಅದೇ ಮಾತು ಕೇಳುವುದಿಲ್ಲ. ಪಾಪ, ನೋವಾದೀತೆಂದು ಸರ್ವಮಂಗಳಾ ಎಲ್ಲರಿಗೂ ಮೊದಲೇ ಹೇಳಿಟ್ಟಿದ್ದಾರೆ. ಮೊನ್ನೆ ಭಾನುವಾರ ಮಧ್ಯಾಹ್ನ, ಮೇಲಿನ ಮನೆಗೆ ಹೊಸದಾಗಿ ಬಾಡಿಗೆಗೆ ಬಂದ ತುಮಕೂರಿನ ಹುಡುಗಿ, ಇದೊಂದೂ ಗೊತ್ತಿಲ್ಲದೆ, ಬಾಗಿಲಲ್ಲಿ ನಿಂತು "ಅಂಕಲ್, ಊಟ ಆಯ್ತಾ?" ಎಂದಳು. ಚನ್ನವೀರಪ್ಪನವರು ಪ್ಯಾಂಟು ಮೇಲೆಳೆದುಕೊಂಡು, "ಆಯ್ತಮ್ಮ, ಹೊಟ್ಟೆ ತುಂಬ ಆಯ್ತು" ಎಂದು ಹೇಳಿ, ಒಳಗೆ ಬಂದು ಸೋಫಾದ ಮೇಲೆ ಕೂತರು.