ದೊಡ್ಡ ತಲೆಯ ಮಗಳು

ಬಾಯಿಗೆ ನಳಿಕೆ ಇಟ್ಟು, ಉಸಿರೆಳೆದು ಇರುವೆ ಹಿಡಿಯುವ ಹುಡುಗಿಯನ್ನು ನೀವು ಯಾರಾದರೂ ಕಂಡಿದ್ದೀರಾ? ಇಲ್ಲ ತಾನೆ? ನಾನು ಕಂಡಿದ್ದೇನೆ. ಹಾಗಾಗಿ ಇವತ್ತು ನಾನು ಹೇಳುವುದು, ನೀವು ಕೇಳುವುದು.

ನಮ್ಮ ಎದುರುಮನೆ ಹುಡುಗಿಯ ಕೆಳತುಟಿಯ ನಡುವೆ, ಆ ನಳಿಕೆ ಒತ್ತಿ ಒತ್ತಿ ಒಂದು ಸಣ್ಣ ಗುಳಿ ಬಿದ್ದಿತ್ತು. ಭೂತಗನ್ನಡಿ ಹಿಡಿದು ಹಿಡಿದು ಬಲಗಣ್ಣು ಸದಾ ಸ್ವಲ್ಪ ಕಿರಿದು. ಕಿವಿಯ ಹಿಂದೆ ನಾಲ್ಕೆಳೆ ಕೂದಲಿನ ಕುಂಚ. ಇದರಲ್ಲಿ ಯಾರ ಮೀಸೆಗೆ ಬಣ್ಣ ಬಳಿಯುತ್ತೀ ಎಂದು ಮೊದಲ ದಿನವೇ ಕೇಳಿದ್ದೆ. ಇರುವೆ ಮರಿಯನ್ನು ಎತ್ತುವುದಕ್ಕೆ, ಬೆರಳು ತಾಗಿದರೆ ಅದು ಉಳಿಯುವುದಿಲ್ಲ ಎಂದಳು. ನಗಲಿಲ್ಲ. ಇರುವೆಯ ವಿಷಯಕ್ಕೆ ಅವಳು ನಗುತ್ತಲೇ ಇರಲಿಲ್ಲ.

ಅಹಮದಾಬಾದಿನ ಬೋಡಕ್‌ದೇವ್‌ನ ಈ ಅಪಾರ್ಟ್‌ಮೆಂಟಿನಲ್ಲಿ ನನಗೆ ಹಗಲು ಹೊತ್ತು ಕನ್ನಡಕ್ಕೆ ಸಿಗುತ್ತಿದ್ದವಳು ಅವಳೊಬ್ಬಳೇ. ಮಗ, ಸೊಸೆ ಬೆಳಗಾದರೆ ನರೋಡಾದಲ್ಲಿರುವ ನಮ್ಮ ಹೋಟೆಲಿಗೆ ಹೋಗುತ್ತಾರೆ. ಮೊಮ್ಮಕ್ಕಳು ನನ್ನ ಕನ್ನಡಕ್ಕೆ ಗುಜರಾತಿಯಲ್ಲಿ ಉತ್ತರ ಕೊಡುತ್ತವೆ. ಅವಳು ಧಾರವಾಡದವಳು, ನಾನು ಕುಂದಾಪುರದವಳು. ಅವಳ ಮಾತು ನನಗೆ ಅರ್ಧ, ನನ್ನದು ಅವಳಿಗೆ ಅರ್ಧ. ಉಳಿದದ್ದನ್ನು ಕಾಫಿ ತುಂಬಿಸುತ್ತಿತ್ತು. ಮದುವೆಯಲ್ಲಿ ನನ್ನ ಹೆಸರನ್ನೇ ಬದಲಾಯಿಸಿದ ಕತೆಯನ್ನೂ ಆ ಕಾಫಿಯ ಜೊತೆಗೇ ಅವಳಿಗೆ ಹೇಳಿದ್ದೆ. ಇರುವೆಗಳು ಜಗಳವಾಡುತ್ತಿವೆ ಎಂದು ನಾನೇನಾದರೂ ಅಂದರೆ ತಕ್ಷಣ ತಡೆಯುತ್ತಿದ್ದಳು. “ಕಂಡದ್ದು ಹೇಳ್ರಿ ಅಜ್ಜಿ, ಅನಿಸಿದ್ದು ಬ್ಯಾಡ.”

ಅವಳ ಕೆಲಸ ಏನೆಂದು ನಾನು ತಿಳಿದುಕೊಂಡದ್ದು ಇಷ್ಟು. ಪಶ್ಚಿಮ ಘಟ್ಟದ ಮಳೆಕಾಡಿನಲ್ಲಿ, ಒದ್ದೆ ತರಗೆಲೆಯ ಕೆಳಗೆ ಒಂದು ಪುಟ್ಟ ಕಂದು ಇರುವೆ ಇದೆ. ಅದಕ್ಕೆ ಬಹಳ ಹಿಂದೆಯೇ ಯಾರೋ ಹೆಸರಿಟ್ಟಿದ್ದಾರೆ. ಅದೇ ಕಾಡಿನಲ್ಲಿ, ಮೈಗಿಂತ ತಲೆಯೇ ದೊಡ್ಡದಾದ ಇನ್ನೊಂದು ಇರುವೆ ಸಿಕ್ಕಿದಾಗ, ಇದು ಬೇರೆಯೇ ಜಾತಿ ಎಂದು ಹೊಸ ಹೆಸರಿಟ್ಟವರು ಅವಳ ಗುರುಗಳು. ವಡೋದರದ ಆ ಗುರುಗಳನ್ನು ಜನ ಗುರುತಿಸುತ್ತಿದ್ದದ್ದೇ ಆ ಇರುವೆಯಿಂದ. ಈಗ ಶಿಷ್ಯೆ ಹೇಳುತ್ತಾಳೆ: ಎರಡೂ ಒಂದೇ ಜಾತಿ, ಒಂದೇ ತಾಯಿಯ ಹೆಣ್ಣುಮಕ್ಕಳು, ಸಣ್ಣ ತಲೆಯವು ಮನೆಗೆಲಸಕ್ಕೆ, ದೊಡ್ಡ ತಲೆಯವು ಕಾವಲಿಗೆ. ಒಂದೇ ಗೂಡಿನಲ್ಲಿ ಎರಡೂ ಸಿಕ್ಕಿವೆ ಎಂದಳು. ಒಂದರ ಮನೆಗೆ ಇನ್ನೊಂದು ನುಗ್ಗಿರಬಹುದು ಎಂದರು ಗುರುಗಳು. ಒಂದೇ ತಾಯಿಗೆ ಹುಟ್ಟಿದ್ದನ್ನು ತೋರಿಸು, ಇಲ್ಲವಾದರೆ ಪಿಎಚ್.ಡಿ. ಪ್ರಬಂಧದಿಂದ ಆ ಅಧ್ಯಾಯ ತೆಗೆದುಹಾಕು. ಅವರ ವಿಭಾಗದಲ್ಲೇ ಅವಳಿಗೊಂದು ಕೆಲಸದ ಮಾತು ನಡೆದಿತ್ತು. ತೋರಿಸದಿದ್ದರೆ ಅವಳು ಸುಳ್ಳಾಗುತ್ತಾಳೆ, ತೋರಿಸಿದರೆ ಕೆಲಸ ಕೊಡುವವರು ಸುಳ್ಳಾಗುತ್ತಾರೆ.

ಅರಣ್ಯ ಇಲಾಖೆಯ ಒಪ್ಪಿಗೆ ಪಡೆದು, ಒಂದು ರಾಣಿಯನ್ನೂ ಕೆಲವು ಸಣ್ಣ ತಲೆಯವನ್ನೂ ಮಾತ್ರ ಡಬ್ಬಿಯಲ್ಲಿ ತಂದಿದ್ದಳು. ಇದೇ ರಾಣಿಯ ಮೊಟ್ಟೆಯಿಂದ ದೊಡ್ಡ ತಲೆಯದು ಹುಟ್ಟಬೇಕು. ಹೊರಗೆ ಅಹಮದಾಬಾದಿನ ಬೇಸಿಗೆ, ಡಬ್ಬಿಯೊಳಗೆ ಮಳೆಗಾಲ. ಮನೆಯ ಒಂದೇ ಎ.ಸಿ. ಇರುವೆಗಳಿದ್ದ ಕೋಣೆಗೆ, ಅವಳು ನಡುಮನೆಯಲ್ಲಿ ಒದ್ದೆ ಟವೆಲ್ ಹೊದ್ದು ಮಲಗುತ್ತಿದ್ದಳು.

ಒಂದು ಬೆಳಿಗ್ಗೆ, ಡಬ್ಬಿಯಲ್ಲಿದ್ದ ಒಂದೇ ಒಂದು ದಪ್ಪ ತಲೆಯ ಬಿಳಿ ಮರಿ ಚಹಾದ ಬಣ್ಣಕ್ಕೆ ತಿರುಗಿತು. ಇವತ್ತೇ ಹೊರಬರುತ್ತದೆ ಎಂದಳು. ಹೊರಬಂದ ಮೇಲೆ ಅದರ ತಲೆಯ ಗೀರುಗಳು ಗುರುಗಳು ಹೆಸರಿಟ್ಟ ಆ ಹಳೆಯ ಇರುವೆಯ ಗೀರುಗಳಿಗೆ ಹೊಂದಬೇಕು. ಸೂಜಿಗೆ ಚುಚ್ಚಿದ ಕಾಗದದ ತುದಿಗೆ ಅಂಟಿಸಿಟ್ಟ ಆ ಒಣ ಇರುವೆಯನ್ನು ಅವರು ಬೇರೆ ಯಾರ ಕೈಗೂ ಕೊಡುವವರಲ್ಲ. ಹಾಗಾಗಿ ಅವರನ್ನೇ ಕರೆತರಲು ಕಾರು ಮಾಡಿಕೊಂಡು ವಡೋದರಕ್ಕೆ ಹೊರಟಳು. ಅವಳ ಮನೆಯಲ್ಲೇ ಕೂತು ಡಬ್ಬಿ ಕಾಯುವ ಕೆಲಸ ನನ್ನದು.

ಮಧ್ಯಾಹ್ನ ಕೆಳಗಿನ ಮನೆಯ ಬೆನ್ ಬಂದರು, ಬೆನ್ ಎಂದರೆ ಇಲ್ಲಿ ಅಕ್ಕ. ಹಿಟ್ಟಿಗೆ ಸಕ್ಕರೆ, ತುಪ್ಪ ಕಲಸಿ ಇರುವೆ ಗೂಡಿನ ಬಾಯಿಗೆ ಉದುರಿಸುವುದು ಇಲ್ಲಿನವರ ಪುಣ್ಯದ ಕೆಲಸ, ಕೀಡಿಯಾರು ಎನ್ನುತ್ತಾರೆ. ನಾನು ಚಹಾಕ್ಕೆ ನೀರಿಟ್ಟು ಬರುವಷ್ಟರಲ್ಲಿ ಬೆನ್ ಡಬ್ಬಿಯ ಸುತ್ತ ಧಾರಾಳವಾಗಿ ಉದುರಿಸಿ ಕೈಮುಗಿದು ನಿಂತಿದ್ದರು. ಸೆರೆಯಲ್ಲಿರುವ ಜೀವಗಳು, ಪಾಪ, ಎಂದರು. ಚಹಾ ಕುಡಿದು ಮುಗಿಸಿರಲಿಲ್ಲ, ಕಿಟಕಿಯಿಂದ ಮೇಜಿನ ಕಾಲಿನವರೆಗೆ ಕಪ್ಪು ದಾರ ಎಳೆದ ಹಾಗೆ ಊರಿನ ಇರುವೆಗಳ ಸಾಲು. ಹಿಟ್ಟು ತಿಂದು ಹೋಗಿದ್ದರೆ ಬೇರೆ ಮಾತು. ಅವುಗಳಿಗೆ ಡಬ್ಬಿಯ ವಾಸನೆ ಹತ್ತಿತ್ತು. ಗಾಳಿಗೆಂದು ಇಟ್ಟ ತೂತಿನ ಹತ್ತಿಯನ್ನು ಎರಡು ಆಗಲೇ ಎಳೆಯುತ್ತಿದ್ದವು. ಒಳಗಿನ ಸಣ್ಣವು ಮರಿಯನ್ನು ಕಚ್ಚಿಕೊಂಡು ಮೂಲೆಯಿಂದ ಮೂಲೆಗೆ ಓಡುತ್ತಿದ್ದವು.

ಫೋನು ಮಾಡಿದೆ. ಅವಳು ಗುರುಗಳ ಪಕ್ಕದಲ್ಲೇ ಕುಳಿತು ಹೈವೇಯಲ್ಲಿ ಬರುತ್ತಿದ್ದಳು.

“ಅಜ್ಜಿ, ಸ್ಪ್ರೇ ಹೊಡೀಬ್ಯಾಡ್ರಿ. ಫಿನಾಯಿಲ್ ಬ್ಯಾಡ. ವಾಸನಿಗೇ ಸಾಯ್ತಾವ.”

“ಹಂಗಾರೆ ಎಂತ ಮಾಡೂದ್?”

“ಒಂದೊಂದ ತಗೀರಿ. ಡಬ್ಬಿ ಅಲುಗಸಬ್ಯಾಡ್ರಿ.”

ಮೇಜಿನ ನಾಲ್ಕು ಕಾಲಿಗೂ ನೀರಿನ ಬಟ್ಟಲು ಇಟ್ಟೆವು. ಕೆಳಗಿನಿಂದ ಬರುವುದು ನಿಂತಿತು. ಮೇಲೆ ಹತ್ತಿದ್ದವು? ನಾನು ಹೆಬ್ಬೆರಳು ಎತ್ತಿದೆ. ಬೆನ್ ನನ್ನ ಕೈ ಹಿಡಿದುಬಿಟ್ಟರು. “ಬಾ, ಮಾರಶೋ ನಹೀಂ.” ಅಮ್ಮಾ, ಕೊಲ್ಲಬೇಡಿ ಎಂದು ಹೇಳುವಾಗ ಅವರ ಕಣ್ಣಲ್ಲಿ ನೀರಿತ್ತು. ತಮ್ಮ ಪುಣ್ಯ ಏನಾಯಿತೆಂದು ಅಷ್ಟರಲ್ಲಿ ಅವರಿಗೂ ಗೊತ್ತಾಗಿತ್ತು. ಸರಿ, ನಾನು ಒದ್ದೆ ಹತ್ತಿಗೆ ಅಂಟಿಸಿ ಒಂದೊಂದನ್ನೇ ತೆಗೆಯುವುದು, ಬೆನ್ ಅದನ್ನು ಜೀವಂತ ಬಾಲ್ಕನಿಗೆ ಒಯ್ದು ಬಿಡುವುದು. ಬಿಟ್ಟದ್ದೇ ತಿರುಗಿ ಬರುತ್ತಿದೆಯೋ ಏನೋ ಎಂದು ನನಗೆ ಅನುಮಾನ. ಹೇಳಲಿಲ್ಲ, ಅದು ಕಂಡದ್ದಲ್ಲ, ಅನಿಸಿದ್ದು. ಕೊನೆಗೆ ಒಂದು ಇರುವೆ ಹತ್ತಿಯ ಸಂದಿಯಲ್ಲಿ ಅರ್ಧ ಮೈ ತೂರಿಸಿತ್ತು. ಅದರ ಹಿಂಗಾಲು ಹಿಡಿದು ಎಳೆಯುವಾಗ ನಾನು ಉಸಿರು ಬಿಟ್ಟಿರಲಿಲ್ಲ.

ಗುರು, ಶಿಷ್ಯೆ ಬಂದಾಗ ಸಂಜೆ. ಹುಡುಗಿ ನೆಲದ ಹಿಟ್ಟು ನೋಡಿದಳು, ಬೆನ್ ಮುಖ ನೋಡಿದಳು. ಹೋಗಿ ಅವರ ಕೈಯನ್ನು ತನ್ನ ಕೈಯಲ್ಲಿ ಹಿಡಿದುಕೊಂಡಳು. ಆಮೇಲೆ ಡಬ್ಬಿಗೆ ಕಣ್ಣಿಟ್ಟಳು.

ಸಣ್ಣ ಇರುವೆಗಳು ಸುತ್ತ ನಿಂತು ಮರಿಯ ಪೊರೆ ಎಳೆಯುತ್ತಿದ್ದವು. ಹೆರಿಗೆ ಕೋಣೆಯ ಹೊರಗೆ ನಿಂತ ಹಾಗೆ ನಾವೆಲ್ಲ ನಿಂತಿದ್ದೆವು. ಮೊದಲು ಕಾಲು, ಆಮೇಲೆ ಆ ತಲೆ. ಗುರುಗಳು ಭೂತಗನ್ನಡಿಯಲ್ಲಿ ಅದನ್ನು ನೋಡಿದರು, ತಮ್ಮ ಒಣ ಇರುವೆಯನ್ನು ನೋಡಿದರು, ಮತ್ತೆ ಅದನ್ನು. ಹುಡುಗಿ ಕುಂಚದ ಕೂದಲು ಕಚ್ಚಿಕೊಂಡು ನಿಂತಿದ್ದಳು. ಕನ್ನಡಕ ತೆಗೆದು ಒರೆಸುತ್ತಾ ಗುರುಗಳು ಹೇಳಿದ್ದು ಇಷ್ಟೇ: “ಬೆಹನೇಂ ಹೈಂ.” ಅಕ್ಕತಂಗಿಯರು. ಅಧ್ಯಾಯ ಇರಲಿ, ನಾನಿಟ್ಟ ಹೆಸರು ಹೋಗಲಿ ಎಂದು ಇಂಗ್ಲಿಷಿನಲ್ಲಿ ಅಂದರಂತೆ, ಆಮೇಲೆ ಅವಳು ಹೇಳಿದಳು. ನಾನು ಕೊಟ್ಟ ಕಾಫಿ ಮುಟ್ಟದೆ ಮೆಟ್ಟಿಲಿಳಿದು ಹೋದರು.

ಅಧ್ಯಾಯ ಉಳಿಯಿತು. ಕೆಲಸದ ಮಾತನ್ನು ಮತ್ತೆ ಯಾರೂ ಎತ್ತಲಿಲ್ಲ. ಅವಳು ಸೂರತ್‌ನ ಒಂದು ಕಾಲೇಜಿನಲ್ಲಿ ಪಾಠ ಹೇಳಲು ಹೋದಳು. ನಾನು ಈ ಫೋನಿನಲ್ಲಿ ಟೈಪು ಮಾಡಲು ಕಲಿತದ್ದೇ ಅವಳಿಗೆ ಇರುವೆ ಸುದ್ದಿ ಕಳಿಸುವುದಕ್ಕೆ. ಎಪ್ಪತ್ತು ದಾಟಿದ ಮೇಲೆ ನನಗೆ ನೋಡುವುದನ್ನು ಕಲಿಸಿದವಳು ಅವಳು. ಅದುವರೆಗೆ ಬರೀ ಕಣ್ಣು ಬಿಟ್ಟುಕೊಂಡಿದ್ದೆ.

ಹೊರಡುವ ದಿನ ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು ಆಟೋದಲ್ಲಿ ಕುಳಿತಿದ್ದಳು. ನನ್ನ ಬಾಯಿ ಸುಮ್ಮನಿರಬೇಕಲ್ಲ.

“ಅಲ್ಲ ಮಾರಾಯ್ತಿ, ಇಷ್ಟೆಲ್ಲ ಒದ್ದಾಡಿ ಒಂದು ಹೊಸ ಹೆಸರೂ ಇಡ್ಲಿಲ್ಲ ನೀನು. ಇದ್ದದ್ದನ್ನೇ ಅಳಿಸಿ ಕೂತೆ. ಸಣ್ಣ ಇರುವೆಯ ಹಳೇ ಹೆಸರೇ ದೊಡ್ಡದಕ್ಕೂ. ಎಂತ ಸಿಕ್ತ್ ನಿಂಗೆ?”

ಡಬ್ಬಿಯಿಂದ ಕಣ್ಣು ತೆಗೆಯದೆ ಅಂದಳು: “ಮದುವ್ಯಾಗ ನಿಮ್ಮ ಹೆಸರು ಬದಲಿ ಮಾಡಿದ್ರಂತಲ್ಲ ಅಜ್ಜಿ. ಈಗ ಯಾರರ ತವರಮನಿ ಹೆಸರು ಹಿಡಿದು ಕರದ್ರ, ಹೊಳ್ಳಿ ನೋಡಾಕಿ ಯಾರ್ರಿ?”