ದೀಪ ಹಚ್ಚಿದ ಮೇಲೆ ಹಿತ್ತಲ ಬಾಗಿಲು

ಈಚೆಗೆ ನನಗೆ ಮುಗಿಯುವ ವಸ್ತುಗಳ ಮೇಲೆ ಭಾರಿ ಪ್ರೀತಿ. ಗಡಿಯ ಜತ್ತ ತಾಲೂಕಿನಲ್ಲಿ ಹುಟ್ಟಿದವನಿಗೆ ಈ ಪ್ರೀತಿ ಬರದೆ ಇನ್ನೇನು ಬಂದೀತು? ನಮ್ಮಲ್ಲಿ ಯಾವುದೂ ಮುಗಿಯುವುದಿಲ್ಲ. ನಾವು ಮಹಾರಾಷ್ಟ್ರದವರೋ ಕರ್ನಾಟಕದವರೋ ಎಂಬ ಚರ್ಚೆ ಅಜ್ಜನ ಮೀಸೆ ಕಪ್ಪಗಿದ್ದಾಗ ಶುರುವಾದದ್ದು; ಈಗ ನನ್ನ ಮೀಸೆಯೇ ಬೆಳ್ಳಗಾಗಿದೆ. ಟೀವಿಯಲ್ಲಿ ಮರಾಠಿ ಧಾರಾವಾಹಿಯ ಸೊಸೆ ಅಳು ನಿಲ್ಲಿಸಿದರೆ ಕನ್ನಡದವಳು ಶುರು ಮಾಡುತ್ತಾಳೆ. ಎರಡು ಭಾಷೆ ಬಲ್ಲವರಿಗೆ ಸಿಗುವ ಲಾಭ ಇದು.

ಹಾಗಾಗಿ ರಜೆಗೆ ಬಂದ ಮಗಳು ನನ್ನ ಮೊಬೈಲಿನಲ್ಲಿ ಒಂದು ಪುಟ್ಟ ಆಟ ಹಾಕಿ, "ಅಪ್ಪಾ, ಒಂದ ಮಧ್ಯಾನದಾಗ ಮುಗೀತೈತಿ ನೋಡ್ರಿ" ಎಂದಾಗ ಅಲ್ಲೇ ಸೋತೆ. ಆಟದಲ್ಲಿ ಒಂದು ಪಾಳುಮನೆ, ಸುತ್ತ ಮಂಜು, ಎಲ್ಲೋ ಗಡಿಯಾರದ ಸದ್ದು. ಒಳಹೊಕ್ಕು, ಒಗಟು ಬಿಡಿಸಿ, ಹೊರಬೀಳಬೇಕು. ಗುಂಡಿನ ಹಾರಾಟವಿಲ್ಲ, ಯಾರೂ ಮಾತಾಡುವುದಿಲ್ಲ. ನಮ್ಮೂರಾದ ತಿಕೋಂಡಿಯಲ್ಲಿ ಮಂಜು ಎಂದರೆ ಚಹಾ ಕುಡಿಯುವಾಗ ಕನ್ನಡಕಕ್ಕೆ ಹತ್ತುವ ಹಬೆ. ಇಷ್ಟೊಂದು ಮಂಜನ್ನು ಪುಕ್ಕಟೆ ಕೊಡುತ್ತಾರೆಂದರೆ ಬಿಡಲಾದೀತೇ?

ಮಾತಿಲ್ಲದ ಮನೆಯಂತೂ ನನಗೆ ಚೆನ್ನಾಗಿ ರೂಢಿಯಾಗಿತ್ತು. ಡಫಳಾಪುರದಿಂದ ಬಂದ ನಾದಿನಿಯ ಮುಂದೆ ನಾನು, "ತೆಳ್ಳಗಿನ ರೊಟ್ಟಿ ಅಂದ್ರ ನಮ್ಮವ್ವಂದು" ಎಂದು ಬಾಯಿ ಜಾರಿದ್ದೆ. ಅಂದಿನಿಂದ ನನ್ನ ಹೆಂಡತಿ ನೀಲವ್ವ ಮಾತು ಬಿಟ್ಟಳು. ರೊಟ್ಟಿ ಮಾತ್ರ ಹಾಳೆಯಷ್ಟು ತೆಳ್ಳಗಾಗಿ ಬಂದು ಸದ್ದಿಲ್ಲದೆ ತಟ್ಟೆಗೆ ಬೀಳತೊಡಗಿತು. ಮದುವೆಯಲ್ಲಿ ಗಂಡನ ಹೆಸರನ್ನೇ ಒಡಪಿನಲ್ಲಿ ಅಡಗಿಸಿ ಹೇಳುವ ಹೆಂಗಸರ ಸೀಮೆ ಇದು. ಒಗಟು ಕಟ್ಟುವುದನ್ನು ಅವರಿಗೆ ಯಾವ ಆಟದ ಕಂಪನಿಯೂ ಕಲಿಸಬೇಕಿಲ್ಲ. ತಪ್ಪಾಯಿತೆಂದು ಹೇಳಿಬಿಡಬಹುದಿತ್ತು. ಆದರೆ ಗಂಡಸಿನ ಮರ್ಯಾದೆ ಎಂಬ ಬೆಲೆಬಾಳುವ ಸಾಮಾನು ಅಡ್ಡ ಕುಳಿತಿತ್ತಲ್ಲ! ಅವಳ ಒಂದು "ಏನ್ರಿ" ಕೇಳಲು ಜೀವ ಒದ್ದಾಡುತ್ತಿದ್ದರೂ ಮೊಬೈಲು ಹಿಡಿದು ಕುಳಿತೆ.

ಒಂದು ಮಧ್ಯಾಹ್ನದಲ್ಲಿ ಮುಗಿಯಬೇಕಾದ ಆಟ ಕೊನೆಯ ಕೋಣೆಯಲ್ಲಿ ಸಿಕ್ಕಿಬಿತ್ತು. ಅಲ್ಲೊಂದು ದೀಪ, ಆಚೆ ಬರೀ ಮಂಜು ಕಾಣುವ ಒಂದು ತೆರೆದ ಹಿತ್ತಲ ಬಾಗಿಲು. ದೀಪ ಹಚ್ಚಿದೆ, ಬೆಳಕು ಹರಡುವ ಮೊದಲೇ ಬಾಗಿಲು ಹಾಕಿದೆ. ಏನೂ ಆಗಲಿಲ್ಲ. ಆರಿಸಿ, ಬಾಗಿಲು ತೆಗೆದು, ಮತ್ತೆ ಹಚ್ಚಿ, ಮತ್ತೆ ಬಾಗಿಲು ಹಾಕಿದೆ. ಮಗಳು ರಜೆ ಮುಗಿಸಿ ಹೋದಮೇಲೂ ದಿನಗಟ್ಟಲೆ ಇದೇ ಕೆಲಸ. ಸಂಜೆ ದೀಪ ಹಚ್ಚಿದೊಡನೆ ಹಿತ್ತಲ ಬಾಗಿಲು ಹಾಕದಿದ್ದರೆ ಒಳಬಂದ ಲಕ್ಷ್ಮಿ ಆ ಕಡೆಯಿಂದ ಹೊರಟುಹೋಗುತ್ತಾಳೆಂದು ಅವ್ವ ಬೆನ್ನಿಗೆ ಗುದ್ದಿ ಕಲಿಸಿದ್ದಳು, ನೀಲವ್ವ ಆ ಪಾಠವನ್ನು ಗಟ್ಟಿ ಮಾಡಿಸಿದ್ದಳು. ಆಟ ಕಟ್ಟಿದ ಪುಣ್ಯಾತ್ಮನಿಗೆ ಇಷ್ಟೂ ಶಾಸ್ತ್ರ ಗೊತ್ತಿಲ್ಲವೇ ಎಂದು ಬೈದುಕೊಂಡೆ.

ಒಂದು ಸಂಜೆ ದೇವರ ಮುಂದೆ ದೀಪ ಹಚ್ಚಿ ಬಂದ ನೀಲವ್ವ ನನ್ನ ಬೆನ್ನ ಹಿಂದೆ ನಿಂತಳು. ನಾನು ಮತ್ತೊಮ್ಮೆ ದೀಪ ಹಚ್ಚಿ ಬಾಗಿಲು ಹಾಕಿದೆ. ಅವಳಿಗೆ ತಡೆಯಲಾಗಲಿಲ್ಲ.

"ತಗೀರಿ ಆ ಬಾಗ್ಲಾ."

"ದೀಪ ಹಚ್ಚೀನಲ್ಲ, ಲಕ್ಷ್ಮಿ ಹೋಗ್ತಾಳ."

"ಮಾತಿಲ್ಲ, ಕತಿಯಿಲ್ಲ, ಇಂಥಾ ಮನ್ಯಾಗ ಲಕ್ಷ್ಮಿ ಎಲ್ಲಿ ಇರ್ತಾಳ್ರಿ? ಯಾವಾಗೋ ಎದ್ದು ಹೋಗ್ಯಾಳ. ನೀವೊಬ್ರ ಕುಂತೀರಿ ಒಳಗ."

ತೆಗೆದೆ. ದೀಪದ ಬೆಳಕು ಹಿತ್ತಲಿಗೆ ಚಾಚಿತು, ಮಂಜು ಸರಿಯಿತು, ದಾರಿ ಕಂಡಿತು. ಆಟ ಮುಗಿಯಿತು. ಮುಂದಿನ ಕಂತಿನ ಬೆದರಿಕೆಯೂ ಇಲ್ಲ. ಎಂಥ ಸಜ್ಜನರು!

"ಇಷ್ಟಕ್ಕ ಇಷ್ಟ ದಿನಾ ಕುಂತಿದ್ರಿ?" ಎಂದಳು.

ಮೊಬೈಲು ಕೆಳಗಿಟ್ಟೆ. "ನಿನ್ನ ರೊಟ್ಟಿ ಭಾಳ ಚಲೋ ಅದಾವ. ನಮ್ಮವ್ವನ ರೊಟ್ಟಿಗಿಂತ..."

"ಅತ್ತಿಯವರ್ನ ಯಾಕ ನಡುವ ತರ್ತೀರಿ? ಲಗೂನ ಬರ್ರಿ, ಬಿಸಿ ಅದಾವ."

ಎದ್ದು, ಆಟದ ರೂಢಿಯಲ್ಲೇ ನಮ್ಮ ಹಿತ್ತಲ ಬಾಗಿಲು ಹಾಕಲು ಹೋದೆ. ಅವಳು ಆಗಲೇ ಅಗಳಿ ಹಾಕಿದ್ದಳು. ಮಾತು ಬಿಟ್ಟಿದ್ದ ಅಷ್ಟೂ ದಿನ ಒಂದು ಸಂಜೆಯೂ ಅವಳು ಅದನ್ನು ಮರೆತಿರಲಿಲ್ಲ, ನಾನೇ ನೋಡಿರಲಿಲ್ಲ.

ಅಂದಿನ ರೊಟ್ಟಿ ಮೊದಲಿನ ಹಾಗೆ ದಪ್ಪಗಿತ್ತು. ಇನ್ನೊಂದು ಹಾಕಿಸಿಕೊಂಡೆ.