ಬೀಗ ತೆಗೆದ ವಾರ್ಡನಮ್ಮ

ಮಂಗಳೂರಿನ ಪಡೀಲಿನಲ್ಲಿ ನಮ್ಮ ಮನೆಯ ತಿರುವಿನಲ್ಲೇ ಒಂದು ಇಸ್ತ್ರಿ ಅಂಗಡಿ ಇದೆ. ಮೊನ್ನೆ ಮಗನ ಅಂಗಿ ತರಲು ಹೋದಾಗ ಇಸ್ತ್ರಿಯವನು ಯಾರದೋ ಬಿಳಿ ಕಾಟನ್ ಸೀರೆಯನ್ನು ಮೇಜಿನ ಮೇಲೆ ಹರಡಿಕೊಂಡಿದ್ದ. ಗಂಜಿ ಹಾಕಿ ಸೀರೆ ಉಡುವವರು ಈಗ ಕಡಿಮೆ. ನೀರು ಚಿಮುಕಿಸಿ ಬಿಸಿ ಪೆಟ್ಟಿಗೆಯನ್ನು ಎಳೆದದ್ದೇ ತಡ, ಗಂಜಿ ಆವಿಯಾಗಿ ಏಳುವ ಆ ವಾಸನೆ ಬಂತು. ಸ್ವಲ್ಪ ಸುಟ್ಟ ಹಾಗೆ, ಸ್ವಲ್ಪ ಹಸಿವಾಗುವ ಹಾಗೆ... ನಾನು ಬಂದ ಕೆಲಸ ಮರೆತು ನಿಂತೆ.

"ಎಂತ ಮೇಡಂ, ಅಂಗಿ ಬೇಡ್ವಾ?" ಎಂದು ಅವನೇ ಎಚ್ಚರಿಸಬೇಕಾಯಿತು.

ಅದು ನಮ್ಮ ಹಾಸ್ಟೆಲಿನ ವಾರ್ಡನಮ್ಮನ ವಾಸನೆ. ಅವರು ಬರುವ ಮೊದಲೇ ಅದು ಕಾರಿಡಾರಿಗೆ ಬರುತ್ತಿತ್ತು.

ಇಪ್ಪತ್ತು ವರ್ಷಕ್ಕೂ ಹಿಂದಿನ ಮಾತು. ಊರಿನಿಂದ ಮಂಗಳೂರಿಗೆ ಕೆಲಸಕ್ಕೆ ಬಂದ ಹುಡುಗಿಯರಿಗಾಗಿ ನಮ್ಮ ಚರ್ಚಿನವರು ಒಂದು ಹಾಸ್ಟೆಲ್ ನಡೆಸುತ್ತಿದ್ದರು. ನನ್ನ ಅಪ್ಪ ಉಡುಪಿ ಕಡೆಯ ಒಂದು ಸಣ್ಣ ಚರ್ಚಿನಲ್ಲಿ ಧರ್ಮಬೋಧನೆ ಮಾಡುವ ಉಪದೇಶಿಯಾಗಿದ್ದರು. ಟೀಚರ್ ಟ್ರೈನಿಂಗ್ ಮುಗಿಸಿದ ನಾನು ಹಾಸ್ಟೆಲಿನ ಪಕ್ಕದಲ್ಲೇ ಇದ್ದ ಚರ್ಚಿನ ನರ್ಸರಿ ಶಾಲೆಗೆ ಸೇರಿಕೊಂಡಿದ್ದೆ. ಸದ್ಯಕ್ಕೆ ತಾತ್ಕಾಲಿಕ, ಮುಂದಿನ ವರ್ಷ ಕಾಯಂ ಮಾಡುತ್ತೇವೆ ಎಂದಿದ್ದರು.

ನಾನು ಸೇರುವಾಗ ಹಾಸ್ಟೆಲಿಗೆ ಬೇರೊಬ್ಬರು ವಾರ್ಡನ್ ಇದ್ದರು. ಕತ್ತಲಾಗುವ ಮೊದಲೇ ಗೇಟಿಗೆ ದೊಡ್ಡ ಬೀಗ ಬೀಳುತ್ತಿತ್ತು. ಬಸ್ಸು ತಪ್ಪಿಸಿಕೊಂಡು ತಡವಾಗಿ ಬಂದವರು ಗೇಟಿನ ಹೊರಗೆ ನಿಂತು ಕ್ಷಮೆ ಕೇಳಿ ಒಳಗೆ ಬರಬೇಕು. ಆ ವಾರ್ಡನ್ ಹೋಗಿ ಈ ವಾರ್ಡನಮ್ಮ ಬಂದಾಗ ಮೊದಲು ಮಾಡಿದ ಕೆಲಸವೆಂದರೆ ಆ ಬೀಗ ತೆಗೆದದ್ದು. ಕಮಿಟಿಯ ಹಿರಿಯರೊಬ್ಬರು ಬಂದು ಆಕ್ಷೇಪಿಸಿದರು. ಅವರಿಗೆ ವಾರ್ಡನಮ್ಮ ಹೇಳಿದ್ದನ್ನು ನಾವು ಬಾಗಿಲ ಹಿಂದೆ ನಿಂತು ಕೇಳಿದ್ದೆವು. "ಬೀಗ ಹಾಕಿದ್ರೆ ಇವರು ಒಳಗೆ ಇರ್ತಾರೆ, ಅಷ್ಟೆ. ಒಳ್ಳೆಯವರಾಗಿ ಇರ್ತಾರೆ ಅಂತ ಎಂತ ಗ್ಯಾರಂಟಿ ಉಂಟು?"

ಅಂದಿನಿಂದ ನಾವು ಅವರ ಹುಡುಗಿಯರಾದೆವು.

ಅಡುಗೆಮನೆಯ ಸರದಿಯ ಚಾರ್ಟನ್ನೂ ಅವರು ಗೋಡೆಯಿಂದ ತೆಗೆದರು. ಯಾರ ಸರದಿಯೂ ಅಲ್ಲ ಎಂದಾದ ಮೇಲೆ ಕೇಳಬೇಕೆ, ಪಾತ್ರೆಗಳು ರಾಶಿ ಬಿದ್ದವು. ಅವರು ಸೆರಗು ಸಿಕ್ಕಿಸಿಕೊಂಡು, ಆ ಗರಿಗರಿ ಸೀರೆಯಲ್ಲೇ ಕುಕ್ಕರಗಾಲಲ್ಲಿ ಕೂತು ತಾವೇ ತೊಳೆದರು. ಮಾರನೆಯ ದಿನವೂ ತೊಳೆದರು. ಕೆಲವೇ ದಿನಗಳಲ್ಲಿ ನಾವೆಲ್ಲ ಒಬ್ಬರ ಕೈಯಿಂದ ಒಬ್ಬರು ಪಾತ್ರೆ ಕಸಿದುಕೊಳ್ಳುವ ಹಾಗಾಯಿತು.

ಗುರುವಾರ ಸಂಜೆಯ ಪ್ರಾರ್ಥನೆಯ ನಂತರ ಅವರು ನಮ್ಮನ್ನು ಜಗಲಿಯಲ್ಲಿ ಕೂರಿಸಿಕೊಂಡು ಮಾತಾಡುತ್ತಿದ್ದರು. ಕ್ರಿಸ್ತನು ನಮ್ಮನ್ನು ಬಿಡಿಸಿ ಸ್ವಾತಂತ್ರ್ಯ ಕೊಟ್ಟದ್ದು ಮನಸ್ಸಿಗೆ ಬಂದ ಹಾಗೆ ತಿರುಗಲಿಕ್ಕಲ್ಲ, ಹೆದರಿಕೆಯಿಲ್ಲದೆ ಇನ್ನೊಬ್ಬರ ಕಷ್ಟಕ್ಕೆ ಆಗಲಿಕ್ಕೆ, ಸ್ವಾತಂತ್ರ್ಯದ ಜೊತೆ ಆ ಜವಾಬ್ದಾರಿಯೂ ಉಂಟು ಎನ್ನುತ್ತಿದ್ದರು. ಜನ ಏನೆಂದಾರು ಎಂಬ ಹೆದರಿಕೆ ಹೋಗದವನಿಗೆ ಬಿಡುಗಡೆಯಾಗಿಲ್ಲ ಎನ್ನುತ್ತಿದ್ದರು. ನಾನು ಉಪದೇಶಿಯ ಮಗಳು, ಚರ್ಚಿನ ಪ್ರಸಂಗ ಕೇಳಿಯೇ ಬೆಳೆದವಳು. ಆದರೂ ಆ ಮಾತುಗಳು ನನಗಾಗಿಯೇ ಹೇಳಿದವು ಎಂದು ಮೊದಲ ಸಲ ಅನಿಸಿದ್ದು ಆ ಜಗಲಿಯಲ್ಲಿ...

ನನ್ನ ಕೋಣೆಯಲ್ಲಿ ಸುಗುಣ ಎಂಬವಳಿದ್ದಳು. ಬಟ್ಟೆ ಅಂಗಡಿಯಲ್ಲಿ ಕೆಲಸ. ಬೆಂಗ್ರೆಯ ಮೀನುಗಾರರ ಮನೆಯ ಹುಡುಗನನ್ನು ಪ್ರೀತಿಸಿ ರಿಜಿಸ್ಟರ್ ಮದುವೆಯಾದಳು. ಅವನು ಹಿಂದೂ. ಅವಳ ಅಪ್ಪ-ಅಮ್ಮ ಸಂಬಂಧ ಕಡಿದುಕೊಂಡರು. ಚರ್ಚಿನಲ್ಲಿ ಅವಳ ಹೆಸರೆತ್ತುವವರೂ ಇಲ್ಲವಾದರು. ಅವಳು ನದಿ ದಾಟಿ ಗಂಡನ ಮನೆಗೆ ಹೋಗಿ ನೆಲೆಸಿದಳು.

ಮರುವರ್ಷ ಅವಳಿಗೆ ಹೆರಿಗೆಯಾಯಿತು. ಹೆಣ್ಣು ಮಗು. ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ಜ್ವರ ಹಿಡಿಯಿತು, ಬಿಡುವುದು ಮತ್ತೆ ಬರುವುದು. ಗಂಡ ಮೀನಿನ ಬೋಟಿನಲ್ಲಿ ಸಮುದ್ರಕ್ಕೆ ಹೋದರೆ ಎಷ್ಟೋ ದಿನ ಬರುವಂತಿಲ್ಲ. ಅತ್ತೆ ಒಳ್ಳೆಯ ಹೆಂಗಸು, ಆದರೆ ನಸುಕಿಗೇ ಮೀನಿನ ಬುಟ್ಟಿ ಹೊತ್ತು ಹೊರಡದಿದ್ದರೆ ಮನೆ ನಡೆಯುವುದಿಲ್ಲ. ಬಾಣಂತಿಯನ್ನು ನೋಡಲು ಯಾರೂ ಇಲ್ಲ. ಸುಗುಣ ಹಾಸ್ಟೆಲಿಗೆ ಫೋನ್ ಮಾಡಿ ನನ್ನಲ್ಲಿ ಅತ್ತಳು.

ನಾನು ನೇರ ವಾರ್ಡನಮ್ಮನ ಕೋಣೆಗೆ ಹೋದೆ. ಅವರು ಕೈಯಲ್ಲಿದ್ದ ಕೆಲಸ ಬಿಟ್ಟು ಕೇಳಿದರು. ಕೇಳಿ ಮುಗಿಯುವ ಮೊದಲೇ ಪೆಟ್ಟಿಗೆ ತೆರೆದು ಮೆತ್ತಗಾದ ಹಳೆಯ ಸೀರೆಗಳನ್ನು ತೆಗೆದಿಟ್ಟರು, ಮಗುವಿನ ಬಟ್ಟೆಗೆ. ಅಡುಗೆಮನೆಯಿಂದ ಓಮ, ಬೆಳ್ಳುಳ್ಳಿ ಕಟ್ಟಿಸಿದರು.

"ಹೋಗು. ರಾತ್ರಿ ಅಲ್ಲೇ ನಿಲ್ಲಬೇಕಾದ್ರೆ ನಿಲ್ಲು. ಬೆಳಿಗ್ಗೆ ಶಾಲೆಗೆ ಬಂದ್ರೆ ಆಯ್ತು," ಎಂದರು.

"ಕಮಿಟಿಯವರು ಕೇಳಿದ್ರೆ, ಅಮ್ಮ?"

"ಕೇಳಿದ್ರೆ ನಾನು ಕಳಿಸಿದ್ದು ಅಂತ ಹೇಳು. ಜವಾಬ್ದಾರಿ ನನ್ನದು. ನೀನು ಹೆದರ್ಲಿಕ್ಕೆ ಇಲ್ಲ." ಆಮೇಲೆ ನನ್ನ ತಲೆಯ ಮೇಲೆ ಕೈಯಿಟ್ಟು ಪ್ರಾರ್ಥನೆ ಮಾಡಿದರು.

ಹೀಗೆ ನಾನು ಶಾಲೆ ಬಿಟ್ಟ ಮೇಲೆ ಫೆರಿ ಹಿಡಿದು ಬೆಂಗ್ರೆಗೆ ಹೋಗುತ್ತಿದ್ದೆ, ಬೆಳಿಗ್ಗೆ ಮೊದಲ ಫೆರಿಗೆ ವಾಪಸು. ಮಗುವನ್ನು ಮೀಯಿಸುವುದು, ಗಂಜಿ ಬೇಯಿಸುವುದು, ಸುಗುಣನಿಗೆ ಮದ್ದು ಕುಡಿಸುವುದು. ಅವಳ ಅತ್ತೆ ಸಂಜೆ ಖಾಲಿ ಬುಟ್ಟಿಯೊಂದಿಗೆ ಬಂದವರು ನನ್ನ ಮುಖ ಕಂಡ ಕೂಡಲೇ ತುಳುವಿನಲ್ಲಿ "ವಣಸ್ ಆಂಡಾ ಮಗಾ?" ಎಂದು ಕೇಳುತ್ತಿದ್ದರು. ಊಟವಾಯಿತೆಂದರೂ ಇನ್ನೊಂದು ತುಂಡು ಮೀನು ಹಾಕದೆ ಬಿಡುತ್ತಿರಲಿಲ್ಲ. ಆ ದಿನಗಳಲ್ಲಿ ನಾನು ಬಹಳ ದಣಿದಿದ್ದೆ. ಅಷ್ಟು ಸಂತೋಷವಾಗಿ ಮತ್ತೆಂದೂ ಇದ್ದ ನೆನಪಿಲ್ಲ. ವಾರ್ಡನಮ್ಮ ಜಗಲಿಯಲ್ಲಿ ಹೇಳಿದ್ದು ಇದೇ ಅಲ್ಲವೇ ಎಂದು ಫೆರಿಯಲ್ಲಿ ನಿಂತು ಅಂದುಕೊಳ್ಳುತ್ತಿದ್ದೆ.

ಜ್ವರ ಬಿಟ್ಟು ಸುಗುಣ ಎದ್ದು ಓಡಾಡುವ ಹೊತ್ತಿಗೆ ಸುದ್ದಿ ಚರ್ಚಿಗೆ ಮುಟ್ಟಿತ್ತು. ಒಂದು ಬೆಳಿಗ್ಗೆ, ಸಮುದ್ರದಿಂದ ಬಂದಿದ್ದ ಸುಗುಣನ ಗಂಡ ನನ್ನ ಚೀಲ ಹಿಡಿದುಕೊಂಡು ನನ್ನ ಜೊತೆ ಫೆರಿಯಿಂದ ಇಳಿದದ್ದನ್ನು ಚರ್ಚಿನವರೊಬ್ಬರು ನೋಡಿದ್ದರಂತೆ. ಹಾಸ್ಟೆಲಿನ ಹುಡುಗಿ ರಾತ್ರಿಯೆಲ್ಲ ಹೊಳೆಯಾಚೆ, ಅನ್ಯರ ಮನೆಯಲ್ಲಿ, ಗಂಡಸರ ಜೊತೆ... ಅಷ್ಟು ಸಾಕಾಯಿತು.

ಭಾನುವಾರ ಆರಾಧನೆ ಮುಗಿದ ಮೇಲೆ ನನ್ನನ್ನು ಚರ್ಚಿನ ಪಕ್ಕದ ಕೋಣೆಗೆ ಕರೆದರು. ಚರ್ಚಿನ ಗುರುಗಳಾದ ಸಭಾಪಾಲಕರು, ಕಮಿಟಿಯ ಹಿರಿಯರು ಕೂತಿದ್ದರು. ಗೋಡೆಯ ಬದಿಯ ಕುರ್ಚಿಯಲ್ಲಿ ವಾರ್ಡನಮ್ಮ. ಅವರನ್ನು ಕಂಡು ನನಗೆ ಧೈರ್ಯ ಬಂತು. ಯಾರ ಅನುಮತಿ ಪಡೆದು ಹೋದೆ ಎಂದು ಕಮಿಟಿಯ ಅಧ್ಯಕ್ಷರು ಕೇಳಿದರು. ವಾರ್ಡನಮ್ಮ ಕಳಿಸಿದ್ದು ಎಂದೆ, ಯಾವ ಅಳುಕೂ ಇಲ್ಲದೆ. ಎಲ್ಲರೂ ಅವರತ್ತ ತಿರುಗಿದರು.

ಅವರು ಸೀರೆಯ ನೆರಿಗೆ ಸರಿಮಾಡಿಕೊಂಡರು. ಆಮೇಲೆ ಗುರುವಾರದ ಅದೇ ಧ್ವನಿಯಲ್ಲಿ, ಅಷ್ಟೇ ನಿಧಾನವಾಗಿ ಹೇಳಿದರು: "ನಾನು ಹುಡುಗಿಯರಿಗೆ ಸ್ವಾತಂತ್ರ್ಯ ಕೊಟ್ಟದ್ದು ಹೌದು. ಅದನ್ನು ಹೇಗೆ ಉಪಯೋಗಿಸ್ತಾರೆ ಎನ್ನುವುದು ಅವರವರ ಜವಾಬ್ದಾರಿ. ಇವಳು ರಾತ್ರಿ ಬೆಂಗ್ರೆಯಲ್ಲಿ ನಿಲ್ತಿದ್ದಳು ಅಂತ ನನಗೆ ಗೊತ್ತಿರ್ಲಿಲ್ಲ."

ನನಗೆ ಮೊದಲು ಅರ್ಥವೇ ಆಗಲಿಲ್ಲ. ಮುಂದಿನ ವಾಕ್ಯದಲ್ಲಿ ಸರಿ ಮಾಡುತ್ತಾರೆ ಎಂದು ಕಾದೆ. ಮುಂದಿನ ವಾಕ್ಯ ಬರಲಿಲ್ಲ.

"ಅಮ್ಮ, ನೀವೇ ಅಲ್ವಾ ಕಳಿಸಿದ್ದು? ತಲೆ ಮೇಲೆ ಕೈ ಇಟ್ಟು ಪ್ರಾರ್ಥನೆ ಮಾಡಿ ಕಳಿಸಿದ್ದು?"

"ನಾನು ಹೇಳಿದ್ದು ನಿನಗೆ ತಪ್ಪು ಅರ್ಥ ಆಗಿದೆ, ಮಗಾ," ಎಂದರು.

ಆ 'ಮಗಾ' ಇಲ್ಲದಿದ್ದರೆ ನಾನು ತಡೆದುಕೊಳ್ಳುತ್ತಿದ್ದೆನೇನೋ.

ಸಂಜೆಯೊಳಗೆ ಪೆಟ್ಟಿಗೆ ಕಟ್ಟಲು ಹೇಳಿದರು. ನರ್ಸರಿ ಕೆಲಸವೂ ಅದರೊಂದಿಗೇ ಹೋಯಿತು. ವಾರ್ಡನಮ್ಮನ ಕೋಣೆಯ ಬಾಗಿಲು ಮುಚ್ಚಿತ್ತು. ನಾನು ತಟ್ಟಿದೆ. ಒಳಗೆ ಕುರ್ಚಿ ಸರಿದ ಸದ್ದಾಯಿತು, ಬಾಗಿಲು ತೆರೆಯಲಿಲ್ಲ. ಅಪ್ಪ ಬಂದು ಕರೆದುಕೊಂಡು ಹೋದರು. ಬಸ್ಸಿನಲ್ಲಿ, "ಅಷ್ಟು ಭಕ್ತಿಯ ಹೆಂಗಸು ಸುಳ್ಳು ಯಾಕೆ ಹೇಳ್ತಾರೆ?" ಎಂದು ಕೇಳಿದರು. ಅವರು ನನ್ನನ್ನು ಬೈಯಲಿಲ್ಲ. ನಂಬಲೂ ಇಲ್ಲ. ಸಾಯುವ ಮೊದಲಾದರೂ ನಂಬಿದರೋ ಇಲ್ಲವೋ, ನನಗೆ ತಿಳಿಯದು.

ವಾರ್ಡನಮ್ಮ ಯಾಕೆ ಹಾಗೆ ಹೇಳಿದರು ಎಂಬುದು ವಯಸ್ಸಾಗುತ್ತ ನನಗೆ ತಿಳಿಯಿತು. ಮದುವೆಯಾಗದ ಹೆಂಗಸು, ಹಾಸ್ಟೆಲಿನ ಆ ಕೋಣೆ ಬಿಟ್ಟರೆ ಬೇರೆ ಮನೆಯಿರಲಿಲ್ಲ. ಬೀಗ ತೆಗೆದ ದಿನದಿಂದ ಕಮಿಟಿ ಅವರನ್ನು ಹೊರಹಾಕಲು ಒಂದು ನೆಪಕ್ಕಾಗಿ ಕಾದಿತ್ತು. ನಾನು ಹೊರಟ ವಾರವೇ ಗೇಟಿಗೆ ಮತ್ತೆ ಬೀಗ ಬಿತ್ತೆಂದು ಕೇಳಿದೆ. ಅವರೇ ಹಾಕಿದ್ದಂತೆ. ಎಲ್ಲ ಅರ್ಥವಾಗುತ್ತದೆ. ಅರ್ಥವಾದ ಮಾತ್ರಕ್ಕೆ ನೋವು ಹೋಗುವುದಿದ್ದರೆ ಎಷ್ಟು ಚೆನ್ನಾಗಿತ್ತು... ಹೆದರಿಕೆ ಅವರಿಗೂ ಇತ್ತು ಎಂದು ಒಮ್ಮೆ ನನ್ನಲ್ಲಿ ಹೇಳಿದ್ದರೆ ನಾನೇ ತಪ್ಪು ನನ್ನದೆಂದು ಹೊತ್ತು ಹೊರಟುಬಿಡುತ್ತಿದ್ದೆ. ನನ್ನನ್ನು ಕೇಳಲಿಲ್ಲ. ನನ್ನ ಮೇಲೆ ಹಾಕಿದರು. ಅದೂ ಅವರೇ ನನಗೆ ಕಲಿಸಿದ ಸ್ವಾತಂತ್ರ್ಯ, ಜವಾಬ್ದಾರಿ ಎಂಬ ಎರಡು ಶಬ್ದಗಳನ್ನು ಉಪಯೋಗಿಸಿ.

ಕೆಲವು ತಿಂಗಳ ಬಳಿಕ ಬೈಕಂಪಾಡಿಯ ಒಂದು ಪ್ಯಾಕಿಂಗ್ ಕಂಪನಿಯಲ್ಲಿ ನನಗೆ ಕೆಲಸ ಸಿಕ್ಕಿತು. ಮತ್ತೆ ಮಂಗಳೂರಿಗೆ ಬಂದೆ. ಮದುವೆಯಾಗಿ ಪಡೀಲಿನಲ್ಲಿ ನೆಲೆಸಿದೆ. ಶಾಲೆಯಲ್ಲಿ ಮಕ್ಕಳಿಗೆ ಕಲಿಸುವ ಆಸೆ ಮಾತ್ರ ಅಲ್ಲೇ ಉಳಿಯಿತು.

ಸುಗುಣನಿಗೆ ನಾನು ಇದನ್ನು ಹೇಳಲಿಲ್ಲ. ಅಪ್ಪನಿಗೆ ಹುಷಾರಿಲ್ಲ, ಅದಕ್ಕೆ ಊರಿಗೆ ಹೋದೆ ಎಂದಷ್ಟೇ ಅವಳಿಗೆ ಗೊತ್ತು. ತನ್ನಿಂದಾಗಿ ನನ್ನ ಕೆಲಸ ಹೋಯಿತೆಂದು ತಿಳಿದರೆ ಅವಳು ಬದುಕಿದಷ್ಟು ದಿನ ಅದನ್ನು ಹೊರುತ್ತಿದ್ದಳು. ಹಾಗಾಗಿ ಅವಳ ಕಣ್ಣಿನಲ್ಲಿ ವಾರ್ಡನಮ್ಮ ದೇವತೆಯಾಗಿಯೇ ಉಳಿದರು. ಎಲ್ಲರೂ ಕೈಬಿಟ್ಟಾಗ ಚರ್ಚಿನ ಕಡೆಯಿಂದ ಒಬ್ಬರನ್ನಾದರೂ ಕಳಿಸಿದರಲ್ಲ ಎಂದು.

ಕೆಲವು ವರ್ಷಗಳ ಹಿಂದೆ ವಾರ್ಡನಮ್ಮ ವೃದ್ಧಾಶ್ರಮವೊಂದರಲ್ಲಿ ಇದ್ದಾರೆಂದು ತಿಳಿದು ಸುಗುಣ ಮಗಳೊಂದಿಗೆ ಹೊರಟಳು, ನನ್ನನ್ನೂ ಬಿಡಲಿಲ್ಲ. "ನೀನಿಲ್ಲದೆ ನಾನು ಹೇಗೆ ಹೋಗುದು ಮಾರಾಯ್ತಿ?" ಎಂದಳು. ಹೋದೆ. ಅವರು ತೀರಾ ಸಣ್ಣಗಾಗಿದ್ದರು, ನೈಟಿಯಲ್ಲಿ ಗುರುತೇ ಸಿಗಲಿಲ್ಲ. ನೆನಪು ಮಾತ್ರ ಚುರುಕಾಗಿತ್ತು. ನರ್ಸಿಂಗ್ ಓದುತ್ತಿದ್ದ ಸುಗುಣನ ಮಗಳ ಕೈ ಹಿಡಿದುಕೊಂಡು, "ನೀನು ಇಷ್ಟೇ ಇಷ್ಟು ಇರುವಾಗ ನಿನ್ನನ್ನು ಮೀಯಿಸ್ಲಿಕ್ಕೆ ಇವಳನ್ನು ಕಳಿಸಿದ್ದು ಯಾರು ಗೊತ್ತುಂಟಾ? ನಾನೇ ಕಳಿಸಿದ್ದು," ಎಂದರು.

ಸುಗುಣ ಕಣ್ಣೊರಸಿಕೊಂಡಳು. ನಾನು ಅವರ ಮುಖ ನೋಡಿದೆ. ಅಂದು ಆ ಕೋಣೆಯಲ್ಲಿ ನನಗೆ ಬೇಕಾಗಿದ್ದದ್ದು ಇದೇ ಮಾತು, ಇಷ್ಟೇ ಮಾತು. ಈಗ ಅದಕ್ಕೆ ಯಾವ ಬೆಲೆಯೂ ತೆರಬೇಕಾಗಿರಲಿಲ್ಲ. ಸುಲಭವಾಗಿ ಬಂತು.

ಹೊರಡುವಾಗ ಸುಗುಣ ಮತ್ತು ಮಗಳು ಮುಂದೆ ನಡೆದರು. ವಾರ್ಡನಮ್ಮ ನನ್ನ ಮಣಿಕಟ್ಟು ಹಿಡಿದು ನಿಲ್ಲಿಸಿದರು. ನಾನು ಬಗ್ಗಿದೆ. ಬಹಳ ಹೊತ್ತು ನನ್ನನ್ನೇ ನೋಡಿದರು...

"ಸೆಕೆ ಉಂಟು. ಆ ಫ್ಯಾನ್ ಸ್ವಲ್ಪ ಜೋರು ಮಾಡಿ ಹೋಗು," ಎಂದರು.

ಮಾಡಿ ಬಂದೆ. ಮತ್ತೆ ಹೋಗಲಿಲ್ಲ.

ಕಳೆದ ತಿಂಗಳು ಅವರು ತೀರಿಕೊಂಡರು. ಮಣ್ಣಿಗೆ ಹೋಗಿದ್ದೆ. ನಾನೂ ಒಂದು ಹಿಡಿ ಮಣ್ಣು ಹಾಕಿದೆ. ಅವರು ಹುಡುಗಿಯರಿಗೆ ಬಿಡುಗಡೆಯ ಅರ್ಥ ಕಲಿಸಿದವರು ಎಂದು ಸಭಾಪಾಲಕರು ಹೇಳಿದಾಗ ನನಗೆ ಸಿಟ್ಟು ಬರಬೇಕಿತ್ತು. ಆದರೆ ಅದು ನಿಜ. ಕಂಪನಿಯಲ್ಲಿ ನನ್ನ ಕೈಕೆಳಗಿನ ಹೆಂಗಸರಿಗಾಗಿ ಮ್ಯಾನೇಜರ್ ಎದುರು ನಿಂತು ಮಾತಾಡಿದಾಗಲೆಲ್ಲ ನಾನು ಆ ಜಗಲಿಯಲ್ಲಿ ಕಲಿತದ್ದನ್ನೇ ಮಾಡಿದ್ದೇನೆ. ಕಲಿಸಿದವರು ಸುಳ್ಳಾದರೂ ಕಲಿಸಿದ್ದು ಸುಳ್ಳಾಗಲಿಲ್ಲ. ಅದಕ್ಕೇ ಅವರನ್ನು ಪೂರ್ತಿ ದ್ವೇಷಿಸಲೂ ನನ್ನಿಂದ ಆಗಲಿಲ್ಲ. ಕ್ಷಮಿಸಿದ್ದೇನೆ ಎಂದು ಪ್ರಾರ್ಥನೆಯಲ್ಲಿ ಹೇಳುತ್ತೇನೆ. ಮತ್ತೆ ಮರುದಿನ ಅದನ್ನೇ ಹೇಳಬೇಕಾಗುತ್ತದೆ.

ನಿನ್ನೆ ಸುಗುಣ ಮನೆಗೆ ಬಂದಿದ್ದಳು. ಚಾ ಕುಡಿಯುತ್ತ ವಾರ್ಡನಮ್ಮನ ಮಾತೇ ತೆಗೆದಳು. "ನಿಂಗೆ ಅವತ್ತು ಮಣ್ಣಿನಲ್ಲಿ ಅಳು ಬರ್ಲೇ ಇಲ್ಲ ಅಲ್ವಾ? ನಂಗೆ ತಡೀಲಿಕ್ಕೆ ಆಗ್ಲಿಲ್ಲ. ಅವರು ನಿನ್ನನ್ನು ಕಳಿಸದಿದ್ರೆ ನಾನೂ ಇಲ್ಲ, ಮಗಳೂ ಇಲ್ಲ."

ನಾನು ಲೋಟ ಕೆಳಗಿಟ್ಟೆ. ಆ ಕೋಣೆಯಲ್ಲಿ ಅಂದು ಕೂತಿದ್ದ ಹಿರಿಯರಲ್ಲಿ ಈಗ ಒಬ್ಬರೂ ಬದುಕಿಲ್ಲ. ಅಪ್ಪನೂ ಇಲ್ಲ. ಸತ್ಯ ಏನೆಂದು ಗೊತ್ತಿದ್ದ ಇನ್ನೊಬ್ಬರು ಕಳೆದ ತಿಂಗಳು ಹೋದರು.

"ಹೌದು," ಎಂದೆ. "ಅವರೇ ಕಳಿಸಿದ್ದು."